ಹಳೆಯ ಬೆಂಜ್ ಹುಡುಕುತ್ತಾ ಜೆ.ಸಿ. ರಸ್ತೆಯಲ್ಲಿ

ಬೆಂಗಳೂರಿನ ಪುರಭವನದಿಂದ ಹೊರಟು, ರವೀಂದ್ರ ಕಲಾಕ್ಷೇತ್ರವನ್ನು ದಾಟಿ, ಮಿನರ್ವ ವೃತ್ತದತ್ತ ಹೆಜ್ಜೆ ಹಾಕಿ ನೋಡಿ. ಅದು ಜಯಚಾಮರಾಜೇಂದ್ರ ರಸ್ತೆ. ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ, ಜೆ.ಸಿ. ರೋಡ್ ಎಂದರೆ ಸಾಕು. ನಾಟಕ ನೋಡಲು ಬಂದವರಿಗೆ ಇಲ್ಲಿ ಕಾಣುವುದು ಬರೀ ಗದ್ದಲ. ಕಾರಿನ ಹುಚ್ಚಿರುವವರಿಗೆ ಮಾತ್ರ ಸೀಟು ಕವರು, ಹಾರನ್ನು, ಬಂಪರು, ಬೇರಿಂಗುಗಳ ಈ ಸಾಲು ಅಂಗಡಿಗಳೇ ಜಾತ್ರೆ.

ನಾನು ಅಲ್ಲಿಗೆ ಹೋದದ್ದು ಅಕ್ಕನ ಮಗನ ಕಾಟಕ್ಕೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದ ಅವನು ಒಂದು ಸಂಜೆ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದ. '1997ರ ಮರ್ಸಿಡಿಸ್ ಬೆಂಜ್ ಮಾಮ! ನಾಲ್ಕೇ ಲಕ್ಷ. ಹೊಸ ಸಣ್ಣ ಕಾರಿಗಿಂತ ಅಗ್ಗ!' ಅವನ ಮುಂದಿನ ಓದಿಗೆಂದು ಕೂಡಿಟ್ಟ ಹಣದ ಮೇಲೆ ಇವನ ಕಣ್ಣು ಬಿದ್ದಿದೆ ಎಂದು ಅಕ್ಕ ಕಣ್ಣೀರು ಹಾಕಿದಳು. ಭಾವ ಮಾತ್ರ ಸುಮ್ಮನಿದ್ದರು. ಮೂವತ್ತು ವರ್ಷ ಬಿಎಂಟಿಸಿ ಬಸ್ಸಿನಲ್ಲಿ ಆಫೀಸಿಗೆ ಹೋದ ಆ ಮನುಷ್ಯನಿಗೆ ಮಗನಿಗಿಂತ ಹೆಚ್ಚು ಆಸೆಯಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು.

ಬಲ್ಲವರು ಡಬ್ಲ್ಯು 124 ಎಂದು ಕರೆಯುವ ಈ ಕಾರು ಜರ್ಮನಿಯಲ್ಲಿ ಹೊರಬಂದದ್ದು 1984ರ ಕೊನೆಯಲ್ಲಿ. ನಮ್ಮಲ್ಲಿ 1995ರಿಂದ ಪುಣೆಯಲ್ಲಿ, ಇಂದು ಟಾಟಾ ಮೋಟಾರ್ಸ್ ಆಗಿರುವ ಟೆಲ್ಕೊ ಜೊತೆಗೂಡಿ ಇದನ್ನು ಜೋಡಿಸತೊಡಗಿದರು. ಮುಂದಿನ ಗಾಜಿಗೆ ಒಂದೇ ವೈಪರು. ಅದು ಬಾಗುತ್ತಾ, ಚಾಚುತ್ತಾ ಮೂಲೆ ಮೂಲೆಯನ್ನೂ ಒರೆಸುವುದನ್ನು ನೋಡುವುದೇ ಚೆಂದ. ಪ್ರಪಂಚದಾದ್ಯಂತ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ತಯಾರಾದವು. ಹಾಗಾಗಿ ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ.

ಸಿಗುತ್ತವೆ, ನಿಜ. ಎಷ್ಟಕ್ಕೆ? 'ಕಾರಿನ ರೇಟು ಇಳೀತು ಸಾರ್, ಸಾಮಾನಿನ ರೇಟು ಎಲ್ಲಿ ಇಳೀತು?' ಎಂದರು ಜೆ.ಸಿ. ರಸ್ತೆಯ ಅಡ್ಡಬೀದಿಯ ಹಿರಿಯ ಮೇಸ್ತ್ರಿ. ಶ್ರೀಮಂತರಿಗೆಂದು ಮಾಡಿದ ಕಾರಿಗೆ ಶ್ರೀಮಂತರ ಬಿಡಿಭಾಗವೇ ಬೇಕು. ಆದರೆ ಅದರಲ್ಲೂ ಉಪಾಯವಿದೆಯಂತೆ. ಕಾರು ಕಂಪನಿಗಳು ಎಲ್ಲ ಭಾಗಗಳನ್ನೂ ತಾವೇ ಮಾಡುವುದಿಲ್ಲ. ಬಾಷ್, ಲೆಮ್‌ಫರ್ಡರ್ ಮೊದಲಾದವರು ಮಾಡಿಕೊಟ್ಟದ್ದನ್ನು ತಮ್ಮ ಡಬ್ಬಿಗೆ ಹಾಕುತ್ತವೆ. ಅದೇ ತಯಾರಕರ ಹೆಸರಿನ ಡಬ್ಬಿಯಲ್ಲಿ ಕೊಂಡರೆ ಸಾಕಷ್ಟು ಅಗ್ಗ. (ನಮ್ಮ ಆಡುಗೋಡಿಯ ಮೈಕೊ 2008ರಲ್ಲಿ ಹೆಸರು ಬದಲಿಸಿಕೊಂಡು ಬಾಷ್ ಆಯಿತಲ್ಲ, ಅದೇ ಬಾಷ್.) ಅದಕ್ಕೂ ಕೆಳಗಿನ ಮೆಟ್ಟಿಲು ಶಿವಾಜಿನಗರದ ಗುಜರಿ. ಬಾಗಿಲ ಗಾಜು, ಹಿಂದಿನ ದೀಪ, ಹಿಡಿಕೆ ಇವನ್ನು ಅಲ್ಲಿ ಧಾರಾಳವಾಗಿ ತನ್ನಿ ಎಂದರು ಮೇಸ್ತ್ರಿ. ಬ್ರೇಕಿನ ಸಾಮಾನು, ರಬ್ಬರಿನದು ಯಾವುದನ್ನೂ ಮುಟ್ಟಬೇಡಿ. ಡೂಪ್ಲಿಕೇಟಿನ ಮಾತೆತ್ತಿದಾಗ ಅವರು ಉತ್ತರಿಸದೆ ಚಹಾ ಕುಡಿದರು.

ಜಾಹೀರಾತಿನ ಕಾರನ್ನು ನೋಡಲು ಮೇಸ್ತ್ರಿಯೂ ಬಂದರು. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿದ್ದೆವು. ಅವರು ಮಾತಿಲ್ಲದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು! ತಣ್ಣಗಿರುವ ಎಂಜಿನ್ನಿನ ಕಷ್ಟವನ್ನು ಯಾರೋ ಆಗಲೇ ಮುಚ್ಚಿಟ್ಟಿದ್ದರು. ಎಂಜಿನ್ ಪಕ್ಕದ ವೈರೊಂದನ್ನು ಬಗ್ಗಿಸಿದರೆ ಮೇಲಿನ ಹೊದಿಕೆ ಹಪ್ಪಳದಂತೆ ಪುಡಿಯಾಯಿತು. ಆ ಕಾಲದ ಬೆಂಜ್‌ಗಳಿಗೆ ಇದು ಹೆಸರಾಂತ ರೋಗ. ಎ.ಸಿ. ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತಾಗ ಉಷ್ಣತೆಯ ಮುಳ್ಳು ಮೆಲ್ಲಗೆ ಮೇಲೇರಿತು. ಟೈರು ಹೊಳೆಯುತ್ತಿತ್ತು, ಆದರೆ ಪಕ್ಕದಲ್ಲಿ 2314 ಎಂದಿತ್ತು. ಎಂದರೆ 2014ರ 23ನೇ ವಾರದ್ದು. ಈ ನಾಲ್ಕು ಅಂಕಿಗಳನ್ನು ಓದಲು ಯಾವ ಮೇಸ್ತ್ರಿಯೂ ಬೇಡ, ಸ್ಕೂಟರ್ ಕೊಳ್ಳುವವರಿಗೂ ಇದು ಉಪಯೋಗ. ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರೆ ರೇಡಿಯೇಟರ್, ವೈರಿಂಗ್, ಬುಷ್, ಟೈರು ಸೇರಿ ಎರಡು ಲಕ್ಷ ದಾಟಿತು.

ಅದೇ ಮಾರಾಟಗಾರ ಇನ್ನೂ ಅಗ್ಗದ್ದೊಂದನ್ನು ತೋರಿಸಿದ: ದೆಹಲಿಯಿಂದ ಬಂದ ಡೀಸೆಲ್ ಎಸ್-ಕ್ಲಾಸ್. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿ ಸುತ್ತಮುತ್ತ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಂಥವು ದಕ್ಷಿಣಕ್ಕೂ ಹರಿದು ಬಂದವು. ಗಾಳಿಯ ಸಸ್ಪೆನ್ಷನ್ ಸೋರಿ, ಅದು ದಣಿದ ಎತ್ತಿನಂತೆ ನೆಲಕ್ಕೆ ಕುಸಿದು ಕೂತಿತ್ತು. ಹೊರರಾಜ್ಯದ ಕಾರಾದರೆ ಎನ್‌ಒಸಿ ಬೇಕು, ಇಲ್ಲಿ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಇನ್ನು ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. ಅದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಹಸಿರು ತೆರಿಗೆ ಬೇರೆ.

ಬರಿಗೈಯಲ್ಲಿ ವಾಪಸಾದೆವು. ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಆ ರಾತ್ರಿ ಭಾವ ಒಂದು ಮಾತು ಹೇಳಿದರು: ಓದಿನ ಹಣ ಮುಟ್ಟುವುದಿಲ್ಲ, ನನ್ನ ನಿವೃತ್ತಿಯ ದುಡ್ಡಿನಲ್ಲಿ ಆರು ಲಕ್ಷ ತೆಗೆದಿಡುತ್ತೇನೆ, ಅದರಲ್ಲಿ ಕಾರಿಗೆ ನಾಲ್ಕು, ರಿಪೇರಿಗೆ ಎರಡು. ಸಿಕ್ಕರೆ ಸಿಕ್ಕಿತು.

ಏಳು ತಿಂಗಳ ನಂತರ ಸಿಕ್ಕಿತು. ಮೈಸೂರಿನ ವೃದ್ಧ ವೈದ್ಯರೊಬ್ಬರ ಕಾರು, ಬಣ್ಣ ಮಾಸಿತ್ತು, ಆದರೆ ಪ್ರತಿ ಸರ್ವೀಸಿನ ರಸೀತಿಯೂ ಒಂದು ಫೈಲಿನಲ್ಲಿತ್ತು. ಮೇಸ್ತ್ರಿ ಕಾರಿಗಿಂತ ಮೊದಲು ಆ ಫೈಲನ್ನು ಓದಿದರು. ಎರಡು ಲಕ್ಷದಲ್ಲಿ ಮೊದಲ ವರ್ಷವೇ ಒಂದೂಕಾಲು ಖರ್ಚಾಯಿತು. ಹುಡುಗ ಶನಿವಾರ ಮೇಸ್ತ್ರಿಯ ಪಕ್ಕ ಕಾರಿನಡಿ ಮಲಗಿ ಸ್ಪ್ಯಾನರ್ ಹಿಡಿಯುವುದರಿಂದ ಕೂಲಿ ಉಳಿಯುತ್ತದೆ ಎನ್ನುತ್ತಾನೆ. ಮೇಸ್ತ್ರಿ ನಗುತ್ತಾರೆ.

ಕಳೆದ ಮಳೆಗಾಲದಲ್ಲಿ, ಲಾಲ್‌ಬಾಗ್ ಹತ್ತಿರ, ಆ ಒಂಟಿ ವೈಪರು ಅರ್ಧದಲ್ಲೇ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿದ್ದ ಅಕ್ಕ, 'ನಿಮ್ಮ ಬೆಂಜಿಗಿಂತ ಬಸ್ಸೇ ವಾಸಿ' ಎಂದಳು. ಭಾವ ಗಾಜು ಇಳಿಸಿ, ಕೈ ಚಾಚಿ, ಕರವಸ್ತ್ರದಿಂದ ಒರೆಸುತ್ತಾ ಕೂತರು.