ಫೋಕಸ್ ಎಂಬ ಒಲೆ

ಬೆಳಿಗ್ಗೆ ಹಾಲು ತರಲು ಹೋದಾಗ ಟ್ಯೂಷನ್ ಕೇಂದ್ರವೊಂದರ ಹೊಸ ಬೋರ್ಡು ಕಣ್ಣಿಗೆ ಬಿತ್ತು: ‘ನಿಮ್ಮ ಮಗುವಿಗೆ ಫೋಕಸ್ ಇದೆಯೇ?’ ಒಂದನೇ ಕ್ಲಾಸಿನ ಮಕ್ಕಳಿಗೂ, ಅವರನ್ನು ಹೆತ್ತವರಿಗೂ ದಿಗಿಲು ಹುಟ್ಟಿಸುವ ಪ್ರಶ್ನೆ. ಸಿಟ್ಟು ಬಂತು. ಆ ಮಾತು ಹುಟ್ಟಿದ್ದು ಯಾರನ್ನೂ ಹೆದರಿಸಲಿಕ್ಕಲ್ಲ. ಲ್ಯಾಟಿನ್ನಿನಲ್ಲಿ ಫೋಕಸ್ ಎಂದರೆ ಮನೆಯ ಒಲೆ. ರೋಮನ್ನರ ಮನೆದೇವರು ಲಾರ್ ಇರುತ್ತಿದ್ದುದು ಅದರ ಮಗ್ಗುಲಲ್ಲೇ. ಉಣ್ಣುವ ಹೊತ್ತಿಗೆ ಅವನಿಗೂ ಒಂದು ತುತ್ತು.

ಈ ಒಲೆಯನ್ನು ಗಣಿತಕ್ಕೆ ಕರೆತಂದವನು ಕೆಪ್ಲರ್. 1604ರಲ್ಲಿ, ಬೆಳಕನ್ನು ಕುರಿತ ತನ್ನ ಪುಸ್ತಕದಲ್ಲಿ, ದೀರ್ಘವೃತ್ತ ಪರವಲಯಗಳೊಳಗಿನ ವಿಶೇಷ ಬಿಂದುಗಳಿಗೆ ಆ ಹೆಸರಿಟ್ಟ. ಬಾಗಿದ ಕನ್ನಡಿ ಬಿಸಿಲನ್ನೆಲ್ಲ ಕೂಡಿಸಿ ಸುಡುವುದು ಅಂಥ ಬಿಂದುವಿನಲ್ಲೇ ಅಲ್ಲವೇ! ಐದು ವರ್ಷದ ಮೇಲೆ ಮಂಗಳನ ದಾರಿ ದೀರ್ಘವೃತ್ತವೆಂದು ತೋರಿಸಿ, ಸೂರ್ಯನನ್ನೇ ಆ ಒಲೆಯಲ್ಲಿ ಕೂರಿಸಿದ. ಕ್ಯಾಮೆರಾದ ಫೋಕಸ್ಸು ಎಲ್ಲರಿಗೂ ಗೊತ್ತಿರುವುದೇ.

ನನ್ನನ್ನು ಬಿಡದೆ ಕಾಡುವುದು ಬೇರೆ ಸಂಗತಿ. ಲ್ಯಾಟಿನ್ನಿನಲ್ಲಿ ಬೆಂಕಿಗೆ ಇದ್ದ ಮಾತು ಇಗ್ನಿಸ್, ನಮ್ಮ ಅಗ್ನಿಯ ಒಡಹುಟ್ಟು. ಅಂಥ ಮನೆತನದ ಮಾತು ಜನರ ಬಾಯಲ್ಲಿ ಉಳಿಯಲಿಲ್ಲ. ಬೆಂಕಿಗೆ ಇಟಲಿಯವರು ಫುವೊಕೊ ಎಂದರು, ಸ್ಪೇನಿನವರು ಫ್ವೇಗೊ, ರೊಮೇನಿಯದವರು ಫೋಕ್. ಎಲ್ಲವೂ ಒಲೆಯ ಮಕ್ಕಳು. ಸ್ಪ್ಯಾನಿಷ್‌ನಲ್ಲಿ ಮನೆಗೆ ಹೇಳುವ ‘ಒಗಾರ್’ ಕೂಡ ಅದೇ ಬಳ್ಳಿಯದು. 1328ರಲ್ಲಿ ಫ್ರಾನ್ಸಿನ ದೊರೆ ಸಂಸಾರಗಳನ್ನು ಎಣಿಸಿದಾಗ ಲೆಕ್ಕಕ್ಕೆ ಹಿಡಿದದ್ದು ಒಲೆಗಳನ್ನೇ. ಅಡುಗೆ ಮಾಡುವವರ, ಚಳಿ ಕಾಯಿಸುವವರ ಬಾಯಲ್ಲಿ ಬೆಳೆದ ಮಾತು ಅರ್ಧ ಯುರೋಪನ್ನು ಗೆದ್ದುಕೊಂಡಿತು ಎನ್ನುವುದು ನನಗೆ ಯಾವ ಚಕ್ರವರ್ತಿಯ ದಂಡಯಾತ್ರೆಗಿಂತಲೂ ದೊಡ್ಡ ಸುದ್ದಿ. ಇಗ್ನಿಸ್ ಪಂಡಿತರ ಬರಹದಲ್ಲಿ ಹೇಗೋ ಜೀವ ಹಿಡಿದುಕೊಂಡು, ಈಗ ನಮ್ಮ ಸ್ಕೂಟರಿನ ಇಗ್ನಿಷನ್ ಆಗಿದೆ.

ಕರ್ಫ್ಯೂ ಕೂಡ ಈ ಮನೆಯದೇ. ‘ಬೆಂಕಿ ಮುಚ್ಚು’ ಎನ್ನುವ ಫ್ರೆಂಚ್ ಮಾತು ಅದು. ಮರದ ಮನೆಗಳ ಊರಿನಲ್ಲಿ ರಾತ್ರಿ ಗಂಟೆ ಬಾರಿಸಿದರೆ ಒಲೆಯ ಬೆಂಕಿ ಮುಚ್ಚಿ ಮಲಗಬೇಕು. ನಮ್ಮಜ್ಜಿ ಯಾವ ಗಂಟೆಗೂ ಕಾಯದೆ ದಿನವೂ ಇದನ್ನೇ ಮಾಡುತ್ತಿದ್ದಳು. ಕೆಂಡಗಳನ್ನು ಒತ್ತಾಗಿ ಸರಿಸಿ, ಮೇಲೆ ಬೂದಿ ಎಳೆದು, ಬೆಳಿಗ್ಗೆ ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಬೆಂಕಿ ಎದ್ದು ಕೂರುತ್ತಿತ್ತು. ಎಂದಾದರೂ ಆರಿಹೋದರೆ ಕರಟ ಹಿಡಿದು ಪಕ್ಕದ ಮನೆಗೆ ನನ್ನನ್ನು ಕಳಿಸುತ್ತಿದ್ದಳು.

ಬೆಂಕಿ ಕೇಳಿ ತರುವುದು ನಿಂತೇ ಹೋಯಿತು. ಹೆಪ್ಪು ಕೇಳುವುದು ಇನ್ನೂ ನಿಂತಿಲ್ಲ. ನಿನ್ನೆ ಮೇಲಿನ ಮನೆಯಾಕೆ ಲೋಟ ಹಿಡಿದು ಬಂದಿದ್ದರು. ದೀಪ ಹಚ್ಚಿದ ಮೇಲೆ ಮೊಸರು ಕೊಡಬಾರದೆಂದು ನಮ್ಮ ಮನೆಯಲ್ಲಿ ಕಟ್ಟಳೆ. ಆದರೂ ಕೊಟ್ಟೆ. ಕೆಂಡಕ್ಕೂ ಹಾಗೆ ಹೊತ್ತುಗೊತ್ತು ಇತ್ತೇ? ಈ ಸಲ ಊರಿಗೆ ಹೋದಾಗ ದೊಡ್ಡಮ್ಮನನ್ನು ಕೇಳಬೇಕು.