ಆತಂಕಕ್ಕೆ ನಿದ್ದೆಯಿಲ್ಲ

ತಮ್ಮದೇ ಕೆಲವು ಕಾದಂಬರಿಗಳಿಗೆ ‘ಮನರಂಜನೆ’ ಎಂಬ ಹಣೆಪಟ್ಟಿ ಹಚ್ಚಿದ್ದ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್, ಪೆಟ್ರೀಷಿಯಾ ಹೈಸ್ಮಿತ್‌ರ ಕೊಲೆಯ ಕಥೆಗಳನ್ನು ಮತ್ತೆ ಮತ್ತೆ ಓದಬಹುದೆಂದು ಮೆಚ್ಚಿದ್ದರು. 1970ರಲ್ಲಿ ಆಕೆಯ ‘ಇಲೆವೆನ್’ ಕಥಾಸಂಕಲನಕ್ಕೆ ಬರೆದ ಮುನ್ನುಡಿಯಲ್ಲಿ ಅವರು ಭಯವನ್ನೂ ಆತಂಕವನ್ನೂ ಬೇರ್ಪಡಿಸಿದರು. ಭಯ ಮತ್ತಿನ ಔಷಧದಂತೆ, ದಣಿಸಿ ಮಲಗಿಸಿಬಿಡುತ್ತದೆ. ಆತಂಕ ಹಾಗಲ್ಲ, ನರಗಳನ್ನು ಕೆದಕುತ್ತಲೇ ಇರುತ್ತದೆ. (ಫಲಿತಾಂಶಕ್ಕೆ ಕಾಯುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

1955ರ ಕಾದಂಬರಿಯ ಟಾಮ್ ರಿಪ್ಲಿ ತಾನು ಕೊಂದ ಗೆಳೆಯನ ಬಟ್ಟೆ ತೊಟ್ಟು, ಅವನ ಸಹಿ ಹಾಕಿ ಹಣ ಪಡೆಯುತ್ತಾನೆ. ಪೊಲೀಸರು ಬಂದರೆ ಬೆವರುವವನು ಓದುಗ! ಪಾಪಿ ಪಾರಾಗಲಿ ಎಂದು ಹಾರೈಸುವವನೂ ಅವನೇ. ರಿಪ್ಲಿ ಪಾರಾಗಿಯೂ ಬಿಡುತ್ತಾನೆ.

ಹೈಸ್ಮಿತ್ ಬಸವನಹುಳು ಸಾಕಿದ್ದರು. ‘ಇಲೆವೆನ್’ನಲ್ಲೂ ಅಂಥವನೊಬ್ಬನ ಕಥೆಯಿದೆ. ಅಲ್ಲಿ ಕೊಲೆಗಾರನಿಲ್ಲ; ಹುಳುಗಳು ಮೊಟ್ಟೆಯಿಟ್ಟು ಸದ್ದಿಲ್ಲದೆ ಹೆಚ್ಚುತ್ತವೆ, ಅಷ್ಟೆ. ಒಂದು ದಿನ ಆತ ಆ ಕೋಣೆಯ ಬಾಗಿಲು ತೆರೆಯುತ್ತಾನೆ.