ಒಂದು ಚೀಟಿ ಬರೆದುಕೊಡಿ ಸ್ವಾಮಿ

ಕೆಲವು ತಿಂಗಳ ಹಿಂದಿನ ಮಾತು. ಸೋಮವಾರದ ಬೆಳಗಿನ ಬಲಿಪೂಜೆ ಮುಗಿಸಿ ಗುರುನಿವಾಸದ ಜಗುಲಿಗೆ ಬಂದಾಗ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕಾದಿದ್ದರು. ಅವರ ಮಗ ಲಾರಿ ಚಾಲಕ. ತಾಳವಾಡಿಯ ಎಲೆಕೋಸನ್ನು ಮೇಟ್ಟುಪಾಳಯದ ಮಾರುಕಟ್ಟೆಗೆ ಇಳಿಸಿ, ಖಾಲಿ ಗಾಡಿಯಲ್ಲಿ ಬರುವಾಗ ಬಣ್ಣಾರಿಯಲ್ಲಿ ಪೊಲೀಸರು ಯಂತ್ರಕ್ಕೆ ಊದಿಸಿ, ಕುಡಿದು ಗಾಡಿ ಓಡಿಸಿದ ಮೊಕದ್ದಮೆ ಹಾಕಿದ್ದರು.

“ರಾತ್ರಿಯೆಲ್ಲ ಗುಡೀಲೇ ಇದ್ದ, ಕೆಮ್ಮಿನ ಔಷಧಿ ಕುಡಿದಿದ್ದ ಅಂತ ಒಂದು ಚೀಟಿ ಬರೆದುಕೊಡಿ ಸ್ವಾಮಿ. ನಿಮ್ಮ ಮಾತಂದ್ರೆ ಕೋರ್ಟಲ್ಲೂ ನಂಬ್ತಾರೆ” ಎಂದರು.

“ಅವನು ರಾತ್ರಿ ಇಲ್ಲಿರಲಿಲ್ಲವಲ್ಲಮ್ಮ” ಎಂದೆವು.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಪ್ಪು ಮಾಡಿದವನ ಕಡೆ ನೀವೂ ನಿಲ್ಲದೆ ಹೋದ್ರೆ ಇನ್ಯಾರು ನಿಲ್ತಾರೆ ಸ್ವಾಮಿ?” ಎಂದು ಕೇಳಿದರು. ನಾವು ಚೀಟಿ ಬರೆಯಲಿಲ್ಲ. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಯಂತ್ರದ ಮುಂದೆ ನಿಲ್ಲುವವನ ಪಾಡು ನಮಗೂ ಗೊತ್ತು. ಒಂದು ಭಾನುವಾರ ಬೆಟ್ಟದ ಹಳ್ಳಿಯೊಂದರಲ್ಲಿ ಎರಡನೆಯ ಪೂಜೆ ಮುಗಿಸಿ ಬೈಕಿನಲ್ಲಿ ಹೊರಟು ಐದು ನಿಮಿಷವೂ ಆಗಿರಲಿಲ್ಲ, ರಸ್ತೆ ತಪಾಸಣೆಯವರು ತಡೆದರು. ಊದಿದೆವು. ಯಂತ್ರ ಸೊನ್ನೆ ತೋರಿಸಲಿಲ್ಲ! ಸುತ್ತಲಿದ್ದವರು ನಮ್ಮ ಮುಖ ನೋಡಿದರು. ಬಲಿಪೂಜೆಯ ಪಾತ್ರೆಯಲ್ಲಿ ನಾವು ಸ್ವೀಕರಿಸಿದ್ದು ಕೆಲವೇ ಗುಟುಕು. ವಿಷಯ ತಿಳಿಸಿದಾಗ ಆ ಅಧಿಕಾರಿ ನಗಲಿಲ್ಲ, ರೇಗಲೂ ಇಲ್ಲ. ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ಇಪ್ಪತ್ತು ನಿಮಿಷ ಕೂರಿಸಿ ಮತ್ತೆ ಊದಿಸಿದರು. ಸೊನ್ನೆ ಬಂತು. ಕೈಮುಗಿದು ಕಳುಹಿಸಿಕೊಟ್ಟರು.

ಈ ಯಂತ್ರ ಕೆಲಸ ಮಾಡುವ ಬಗೆ ತಿಳಿದರೆ ಇದರ ಮರ್ಮ ಅರ್ಥವಾಗುತ್ತದೆ. ಕುಡಿದ ಮದ್ಯಸಾರ ರಕ್ತದಲ್ಲಿ ಸೇರಿ, ಶ್ವಾಸಕೋಶದ ಮೂಲಕ ಉಸಿರಿಗೆ ಬರುತ್ತದೆ. ಯಂತ್ರ ಉಸಿರನ್ನು ಅಳೆದು ರಕ್ತದ ಲೆಕ್ಕ ಹೇಳುತ್ತದೆ. ಆದರೆ ಆಗ ತಾನೇ ಬಾಯಿಗೆ ಹಾಕಿಕೊಂಡದ್ದು ಬಾಯಲ್ಲೇ ಉಳಿದಿದ್ದರೆ, ರಕ್ತದಲ್ಲಿಲ್ಲದ ಮದ್ಯವನ್ನೂ ಅದು ಎಣಿಸಿಬಿಡುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕಾದರೆ ಬಾಯಿಯದು ಹೋಗುತ್ತದೆ, ರಕ್ತದ್ದು ಮಾತ್ರ ಉಳಿಯುತ್ತದೆ. ಅಂದು ಆ ಅಧಿಕಾರಿಗೆ ತಾಳ್ಮೆ ಇಲ್ಲದಿದ್ದರೆ ನಮ್ಮ ಹೆಸರೂ ಕೋರ್ಟಿನ ಪಟ್ಟಿ ಸೇರುತ್ತಿತ್ತೋ ಏನೋ.

ಆದ್ದರಿಂದ ಆರೋಪ ಹೊತ್ತವನ ಪರವಾಗಿ ವಾದಿಸುವುದು ಪಾಪವೆಂದು ಯಾರೂ ತಿಳಿಯಬಾರದು. ಕಾನೂನೇ ಅವನಿಗೆ ಕಾವಲು ಇಟ್ಟಿದೆ. 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಈ ಆರೋಪದ ಮೇಲೆ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲವಾದರೆ ಬಿಡಬೇಕು ಎಂದು 202ನೇ ಕಲಮು ಹೇಳುತ್ತದೆ. ಬಾಯಿ ವಾಸನೆ, ತೊದಲು ಮಾತು, ತೂರಾಡುವ ನಡಿಗೆ ಇಷ್ಟರಿಂದಲೇ ಒಬ್ಬನು ಕುಡಿದಿದ್ದನೆಂದು ತೀರ್ಮಾನಿಸಲಾಗದು, ರಕ್ತ ಅಥವಾ ಮೂತ್ರದ ಪರೀಕ್ಷೆ ಬೇಕಿತ್ತು ಎಂದು ಸುಪ್ರೀಂ ಕೋರ್ಟು 1971ರಲ್ಲೇ ಒಂದು ಮೊಕದ್ದಮೆಯಲ್ಲಿ ಹೇಳಿದೆ. ಹಾಗೆಂದು ಊದಲು ಒಲ್ಲೆನೆಂದರೆ ಲಾಭವಿಲ್ಲ. ತಕ್ಕ ಕಾರಣವಿಲ್ಲದೆ ನಿರಾಕರಿಸಿದರೆ ಅದನ್ನೇ ಅವನ ವಿರುದ್ಧ ಪರಿಗಣಿಸಬಹುದು.

ನಮ್ಮ ತಾಳವಾಡಿಯವರಿಗೆ ಇನ್ನೊಂದು ಕಷ್ಟವೂ ಇದೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಯ ಮಾತು ಕನ್ನಡ, ಠಾಣೆಯ ಕಾಗದ ತಮಿಳು. ಕನ್ನಡ ಶಾಲೆಯಲ್ಲಿ ಓದಿದ ಹುಡುಗ ತನಗೆ ಓದಲು ಬಾರದ ಹಾಳೆಗೆ ರುಜು ಹಾಕುತ್ತಾನೆ. ಅದರಲ್ಲಿ ಏನಿದೆಯೆಂದು ಓದಿ ಹೇಳಿಸಿಕೊಳ್ಳುವುದು, ವಕೀಲರನ್ನು ಇಟ್ಟುಕೊಳ್ಳುವುದು ಅವನ ಹಕ್ಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಬಡವರಿಗೂ ಬಂಧನದಲ್ಲಿರುವವರಿಗೂ ಉಚಿತ ವಕೀಲರು ಸಿಗುತ್ತಾರೆ. 1303ರಲ್ಲಿ ತೀರಿಕೊಂಡ ಸಂತ ಈವೋ ಗುರುಗಳೂ ಹೌದು, ವಕೀಲರೂ ಹೌದು. ಬಡವರ ಪರ ವಾದಿಸಿದ ಅವರನ್ನು ಶ್ರೀಸಭೆ ವಕೀಲರ ಪಾಲಕರೆಂದು ಗೌರವಿಸುತ್ತದೆ. ಯೊವಾನ್ನರ ಶುಭಸಂದೇಶದಲ್ಲಿ ಪವಿತ್ರಾತ್ಮರಿಗೆ ಬಳಸಿರುವ ಗ್ರೀಕ್ ಪದಕ್ಕೆ ‘ಪರವಾಗಿ ನಿಂತು ಮಾತಾಡುವವರು’ ಎಂಬ ಅರ್ಥವೂ ಇದೆಯೆಂದು ಗುರುಮಠದಲ್ಲಿ ನಾವು ಕಲಿತಿದ್ದೆವು.

ಹಾಗಾದರೆ ಆ ತಾಯಿಗೆ ಚೀಟಿಯನ್ನೇಕೆ ಕೊಡಲಿಲ್ಲ? ಪ್ರಿಯ ಓದುಗರೇ, ಇದನ್ನು ಹೇಳಲು ನಮಗೆ ಸಂಕೋಚವಿದೆ, ಆದರೂ ಹೇಳಬೇಕು. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ನಾವು ಎಳೆಯ ಗುರುಗಳಾಗಿದ್ದಾಗ, ಹೀಗೇ ಒಬ್ಬ ಯುವಕ ಸಿಕ್ಕಿಬಿದ್ದಿದ್ದ. ಅವನು ಕುಡಿದದ್ದು ನಮಗೆ ಗೊತ್ತಿತ್ತು. ಮನೆಯವರು ಅತ್ತರೆಂದು ನಾವು ಪರಿಚಯದವರೊಬ್ಬರಿಗೆ ಫೋನು ಮಾಡಿದೆವು. ಕೇಸಿಲ್ಲದೆ ಬಿಟ್ಟರು. ಎಲ್ಲರೂ ನಮ್ಮನ್ನು ಕರುಣಾಮಯಿ ಎಂದು ಕೊಂಡಾಡಿದರು, ನಾವೂ ಹಿಗ್ಗಿದೆವು. ಐದು ತಿಂಗಳು ಕಳೆಯುವಷ್ಟರಲ್ಲಿ ಅವನು ಮತ್ತೆ ಕುಡಿದು ಗಾಡಿ ಉರುಳಿಸಿದ. ಅವನಿಗೆ ತರಚಿದ ಗಾಯ. ಪಕ್ಕದಲ್ಲಿದ್ದ ಕ್ಲೀನರ್ ಹುಡುಗನ ಬಲಗಾಲು ಹೋಯಿತು. ಆಸ್ಪತ್ರೆಯಲ್ಲಿ ಆ ಹುಡುಗ ನಮ್ಮನ್ನು ಕೇಳಿದ: “ಅವತ್ತೇ ಅಣ್ಣನ ಲೈಸೆನ್ಸ್ ಕಿತ್ಕೊಂಡಿದ್ರೆ ನನ್ನ ಕಾಲು ಇರ್ತಿತ್ತು, ಅಲ್ವಾ ಸ್ವಾಮಿ?” ನಮ್ಮ ಬಳಿ ಉತ್ತರವಿರಲಿಲ್ಲ. ಪಾಪನಿವೇದನೆಯಲ್ಲಿ ಅದನ್ನು ಹೇಳಿಕೊಂಡೆವು. ಕ್ಷಮೆ ಸಿಕ್ಕಿತು, ಹುಡುಗನ ಕಾಲು ಸಿಗಲಿಲ್ಲ.

ಆರೋಪಿಯ ಪರ ನಿಲ್ಲುವುದು ಬೇರೆ, ಅವನ ಸುಳ್ಳಿನ ಪರ ನಿಲ್ಲುವುದು ಬೇರೆ. 1999ರ ಜನವರಿ 10ರ ನಸುಕಿನಲ್ಲಿ ದೆಹಲಿಯಲ್ಲಿ ಐಷಾರಾಮಿ ಕಾರೊಂದು ಆರು ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಪೊಲೀಸರೂ ಇದ್ದರು. ಆ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ತಿರುಗಿಸಲು ಹೋದ ಹಿರಿಯ ವಕೀಲರೊಬ್ಬರು ನ್ಯಾಯಾಂಗ ನಿಂದನೆಯ ಅಪರಾಧಿಯೆಂದು 2009ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಯಂತ್ರ ಸರಿಯಿತ್ತೇ ಎಂದು ಪ್ರಶ್ನಿಸುವುದು ವಕಾಲತ್ತು. ಸಾಕ್ಷಿಯನ್ನು ಕೊಳ್ಳುವುದು, ಇಲ್ಲದ್ದನ್ನು ಇದೆಯೆಂದು ಚೀಟಿ ಬರೆಯುವುದು ಸುಳ್ಳುಸಾಕ್ಷಿ. ಅದು ಎಂಟನೆಯ ಕಟ್ಟಳೆಯ ಉಲ್ಲಂಘನೆ. ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ತನ್ನ ಹಾಗೂ ಪರರ ಜೀವವನ್ನು ರಸ್ತೆಯಲ್ಲಿ ಅಪಾಯಕ್ಕೆ ಒಡ್ಡುವುದು ಘೋರ ತಪ್ಪೆಂದು ಕಥೋಲಿಕ ಧರ್ಮೋಪದೇಶ ಗ್ರಂಥ 2290ನೇ ಅಂಕದಲ್ಲಿ ಕಲಿಸುತ್ತದೆ. ಅದು ಐದನೆಯ ಕಟ್ಟಳೆಯ ವಿವರಣೆಯಲ್ಲಿದೆ ಎಂಬುದನ್ನು ಗಮನಿಸಿರಿ.

ಮರುದಿನ ಆ ಮಗನೊಂದಿಗೆ ನಾವೇ ಸತ್ಯಮಂಗಲಕ್ಕೆ ಹೋದೆವು. ಬಸ್ಸಿನಲ್ಲಿ ಅವನು ನಿಜ ಹೇಳಿದ. ಹುಲಿ ಕಾಡಿನ ಪ್ರಾಣಿಗಳ ರಕ್ಷಣೆಗಾಗಿ, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತಲ್ಲ. ಗೇಟು ಮುಚ್ಚಿತ್ತು, ಕೆಳಗೆ ಉಳಿದ. ಹೊತ್ತು ಹೋಗಲಿಲ್ಲ. ಜೊತೆಯವರು ಟಾಸ್ಮಾಕ್ ಅಂಗಡಿಯಿಂದ ತಂದಿದ್ದರು. ಹನ್ನೊಂದು ಗಂಟೆಯ ಮೇಲೆ ಒಂದು ಕ್ವಾರ್ಟರ್ ಕುಡಿದು ಮಲಗಿದ. “ನಿದ್ದೆ ಮಾಡಿದ್ಮೇಲೆ ಇಳಿದಿರ್ತದೆ ಅಂದ್ಕೊಂಡೆ ಸ್ವಾಮಿ.” ಆರು ಗಂಟೆಗೆ ಯಂತ್ರ ತೋರಿಸಿದ್ದು 44.

ಲೆಕ್ಕ ಹಾಕಿ ನೋಡಿರಿ. ಕ್ವಾರ್ಟರ್ ಎಂದರೆ 180 ಮಿ.ಲೀ. ಅರವತ್ತು ಕಿಲೋ ತೂಕದವನು ಅಷ್ಟು ಬ್ರಾಂದಿ ಕುಡಿದರೆ ರಕ್ತದ ಅಂಕ ಸುಮಾರು 130ಕ್ಕೆ ಏರುತ್ತದೆ. ಯಕೃತ್ತು ಗಂಟೆಗೆ ಸುಮಾರು 15 ಇಳಿಸುತ್ತದೆ. ಆರು ಗಂಟೆಗೆ 90 ಇಳಿದರೂ 40 ಉಳಿಯುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಅದನ್ನು ಬೇಗ ಇಳಿಸದು. ಮುಂದೆ ಇದ್ದದ್ದು ಇಪ್ಪತ್ತೇಳು ಹೇರ್‌ಪಿನ್ ತಿರುವುಗಳು.

ವಕೀಲರು ಕಾಗದಗಳನ್ನು ಒಂದೊಂದಾಗಿ ಓದಿ ಅವನಿಗೆ ಕನ್ನಡದಲ್ಲಿ ವಿವರಿಸಿದರು. ಪರೀಕ್ಷೆಯಲ್ಲಿ ಲೋಪ ಕಾಣಲಿಲ್ಲ. ಅವನು ತಪ್ಪೊಪ್ಪಿಕೊಂಡ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅವನಿಗೆ ದಂಡವಾಯಿತು, ಲೈಸೆನ್ಸ್ ಕೆಲವು ತಿಂಗಳು ಅಮಾನತಾಯಿತು. ಆ ತಿಂಗಳುಗಳಲ್ಲಿ ಮನೆಗೆ ಅಕ್ಕಿ, ರಾಗಿ ತಲುಪುವಂತೆ ಧರ್ಮಕೇಂದ್ರದ ಕೆಲವರು ನೋಡಿಕೊಂಡರು. ಆ ತಾಯಿಯ ಪ್ರಶ್ನೆಗೆ ನಮಗೆ ತೋಚಿದ ಉತ್ತರ ಇಷ್ಟೆ. ಅವರು ಈಗಲೂ ನಮ್ಮೊಡನೆ ಹೆಚ್ಚು ಮಾತಾಡುವುದಿಲ್ಲ. ಮಗ ಮಾತ್ರ ಗಾಡಿ ಹತ್ತುವ ಮುನ್ನ ಶಿಲುಬೆಯ ಗುರುತು ಹಾಕಿಕೊಂಡು, ನಮ್ಮ ಕಡೆ ಕೈ ಬೀಸಿ ಹೋಗುತ್ತಾನೆ.

2007ರ ಜೂನಿನಲ್ಲಿ ವ್ಯಾಟಿಕನ್ನಿನ ಮಂಡಳಿಯೊಂದು ಚಾಲಕರಿಗೆ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ಮೊದಲನೆಯದು ಕೊಲ್ಲಬೇಡ ಎಂಬುದೇ. ಓಡಿಸುವ ಸ್ಥಿತಿಯಲ್ಲಿ ಇಲ್ಲದವರನ್ನು ಪ್ರೀತಿಯಿಂದ ತಡೆಯಿರಿ ಎಂಬುದೂ ಅದರಲ್ಲಿದೆ. ಹಬ್ಬದೂಟಕ್ಕೆ, ಮದುವೆಗೆ ಬಂದವನು ಕುಡಿದಿದ್ದರೆ ಅವನ ಕೀಲಿ ತೆಗೆದಿಟ್ಟು ಚಾಪೆ ಹಾಸಿಕೊಡಿ. ಬೈದರೆ ಬೈಸಿಕೊಳ್ಳಿ. ಬೆಳಿಗ್ಗೆ ಏಳುತ್ತಲೇ ಕಳುಹಿಸಬೇಡಿ, ಗಂಟೆ ಎಣಿಸಿ.

ನಾವೂ ಈಗ ಬೆಟ್ಟದ ಹಳ್ಳಿಗಳಲ್ಲಿ ಪೂಜೆಯಾದ ಮೇಲೆ ಅರ್ಧ ಗಂಟೆ ಕೂತು, ಮಕ್ಕಳೊಡನೆ ಮಾತಾಡಿ, ಆಮೇಲೆ ಬೈಕು ಹತ್ತುತ್ತೇವೆ. “ಇನ್ನೂ ಹೊರಡಲಿಲ್ವಾ ಸ್ವಾಮಿ?” ಎಂದು ಯಾರಾದರೂ ಕೇಳಿದರೆ ಕಾರಣ ಹೇಳುತ್ತೇವೆ. ನಗುತ್ತಾರೆ. ನಗಲಿ, ನೆನಪಿನಲ್ಲಿ ಉಳಿದರೆ ಸಾಕು.